ಲಿಯನ್ ದಾಖಲಿಸಿದ ಮೇಲೆ ವಕೀಲರೇಕೆ?

ಸರ್ಕಾರಿ ನೌಕರಿಯಲ್ಲಿ ಕೂದಲು ನರೆಸಿಕೊಂಡ ನನ್ನಂಥವರಿಗೆ ‘ಲಿಯನ್’ ಎಂಬ ಪದ ಹೊಸದಲ್ಲ. ನಿಯೋಜನೆಯ ಮೇಲೆ ಬೇರೊಂದು ಕಡೆಗೆ ಹೋದ ಮೇಷ್ಟರಿಗೆ ತಮ್ಮ ಹಳೆಯ ಹುದ್ದೆಯ ಮೇಲೆ ಉಳಿದಿರುವ ಹಕ್ಕಿಗೆ ಸೇವಾ ನಿಯಮಗಳಲ್ಲಿ ಆ ಹೆಸರು. “ನನ್ನ ಲಿಯನ್ ಇನ್ನೂ ಅಲ್ಲೇ ಇದೆ” ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದರೆ, ಅವರು ಎಂದಾದರೊಂದು ದಿನ ಹಿಂದಿರುಗಿ ಆ ಕುರ್ಚಿಯಲ್ಲೇ ಕುಳಿತಾರು ಎಂದು ನಾವು ತಿಳಿಯುತ್ತಿದ್ದೆವು. ಕಟ್ಟು, ಬಂಧ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದ ಶಬ್ದವಿದು. ಕೂಲಿ ಕೊಡುವವರೆಗೆ ಹೊಲಿದ ಅಂಗಿಯನ್ನು ದರ್ಜಿ ತನ್ನಲ್ಲೇ ಇಟ್ಟುಕೊಳ್ಳುತ್ತಾನಲ್ಲ, ಅದೂ ಲಿಯನ್ನೇ.

ಅಮೆರಿಕದಲ್ಲಿ ಈ ಪದಕ್ಕೆ ಇನ್ನೊಂದು ಬಳಕೆಯಿದೆ. ಮನೆ ಕಟ್ಟಿದ ಗುತ್ತಿಗೆದಾರ, ನೆಲಕ್ಕೆ ಟೈಲ್ಸ್ ಹಾಕಿದವನು, ಮರ ಸಿಮೆಂಟು ಸರಬರಾಜು ಮಾಡಿದ ಅಂಗಡಿಯವನು, ಇವರಿಗೆ ಸಲ್ಲಬೇಕಾದ ಹಣ ಸಲ್ಲದಿದ್ದರೆ ಆ ಮನೆಯ ಮೇಲೆಯೇ ಒಂದು ಹಕ್ಕನ್ನು ದಾಖಲಿಸಬಹುದು. ನಮ್ಮಲ್ಲಿ ಜಮೀನಿನ ಋಣಭಾರ ಪತ್ರದಲ್ಲಿ ಬ್ಯಾಂಕಿನ ಸಾಲ ಕಾಣಿಸಿಕೊಳ್ಳುವ ಹಾಗೆ, ಅಲ್ಲಿ ಕೌಂಟಿಯ ಸಾರ್ವಜನಿಕ ದಾಖಲೆಯಲ್ಲಿ ಆ ಬಾಕಿ ಕಾಣಿಸಿಕೊಳ್ಳುತ್ತದೆ. ಅದು ತೀರದೆ ಮನೆ ಮಾರುವುದು ಕಷ್ಟ, ಮರುಸಾಲ ಪಡೆಯುವುದೂ ಕಷ್ಟ. ಫ್ಲಾರಿಡಾದ ಕಾನೂನು ಇದನ್ನು ‘ಕನ್‌ಸ್ಟ್ರಕ್ಷನ್ ಲಿಯನ್’ ಎಂದು ಕರೆದರೆ, ಇತರ ಹಲವು ರಾಜ್ಯಗಳಲ್ಲಿ ‘ಮೆಕ್ಯಾನಿಕ್ಸ್ ಲಿಯನ್’ ಎಂಬ ಹಳೆಯ ಹೆಸರೇ ನಿಂತಿದೆ.

ಹುಟ್ಟಿದ ಬಗೆಯೂ ತಿಳಿಯತಕ್ಕದ್ದು. ವಾಷಿಂಗ್ಟನ್ ಎಂಬ ಹೊಸ ರಾಜಧಾನಿಯನ್ನು ಕಾಡು ಹೊಲಗಳ ನಡುವೆ ಎಬ್ಬಿಸಬೇಕಾಗಿದ್ದ ಕಾಲ. ಗಾರೆಯವರೂ ಬಡಗಿಗಳೂ ಸಾಮಾನು ಕೊಡುವವರೂ ಧೈರ್ಯವಾಗಿ ಮುಂದೆ ಬರಲೆಂದು 1791ರಲ್ಲಿ ಮೇರಿಲ್ಯಾಂಡ್ ರಾಜ್ಯ ಇಂಥ ಕಾನೂನನ್ನು ಮಾಡಿತು. ಅದರ ಹಿಂದೆ ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್ನರ ಒತ್ತಾಸೆಯಿತ್ತೆಂದು ಚರಿತ್ರೆ ಹೇಳುತ್ತದೆ. ಅದೇ ನಗರದ ಶ್ವೇತಭವನವನ್ನೂ ಸಂಸತ್ ಭವನವನ್ನೂ ಕಟ್ಟಲು ಗುಲಾಮರನ್ನು ಬಾಡಿಗೆಗೆ ತಂದಿದ್ದರು, ಅವರ ಕೂಲಿ ಅವರ ಒಡೆಯರ ಕೈಸೇರುತ್ತಿತ್ತು. ಅವರ ಪಾಲಿಗೆ ಯಾವ ಲಿಯನ್ನೂ ಇರಲಿಲ್ಲ. ಸಮಾಜ ಪಾಠ ಹೇಳಿದವನಿಗೆ ಇಂಥ ಮಾತು ಬಾಯಿಗೆ ಬಂದೇ ಬರುತ್ತದೆ, ಕ್ಷಮೆಯಿರಲಿ.

ಇಷ್ಟೆಲ್ಲ ಪೀಠಿಕೆ ಹಾಕಿದ್ದಕ್ಕೆ ಕಾರಣವಿದೆ. ನಮ್ಮ ಶಾಲೆಯ ಹುಡುಗರೆಲ್ಲ ಹೊರದೇಶದಲ್ಲಿ ಕಂಪ್ಯೂಟರ್ ಮುಂದೆಯೇ ಕುಳಿತಿದ್ದಾರೆಂದು ಊರಿನವರು ಭಾವಿಸುತ್ತಾರೆ. ಹಾಗಲ್ಲ. 2024ರಲ್ಲಿ ಮಗಳ ಮನೆಗೆಂದು ಟ್ಯಾಂಪಾಕ್ಕೆ ಹೋಗಿದ್ದಾಗ ನನ್ನನ್ನು ಹುಡುಕಿಕೊಂಡು ಬಂದ ಒಬ್ಬ ಹಳೆಯ ವಿದ್ಯಾರ್ಥಿ ಅಲ್ಲಿ ಟೈಲ್ಸ್ ಹಾಕುವ ಸಣ್ಣ ಕಂಪನಿ ನಡೆಸುತ್ತಾನೆ. ಕೈಕೆಳಗೆ ಇಬ್ಬರು ಕೆಲಸಗಾರರು, ಒಂದು ವ್ಯಾನು. ಹೆಸರು ಹೇಳದೆ ಬರೆಯಲು ಅವನು ಒಪ್ಪಿದ್ದಾನೆ, ಅವನಿಗೆ ಹಣ ಕೊಡಬೇಕಾಗಿದ್ದವರ ಹೆಸರನ್ನಂತೂ ನಾನು ಕೇಳಲೂ ಇಲ್ಲ. ಒಂದು ಮನೆಯ ನವೀಕರಣದಲ್ಲಿ ಮೂಲ ಗುತ್ತಿಗೆದಾರನ ಕೆಳಗೆ ಉಪಗುತ್ತಿಗೆ ಹಿಡಿದು ಮೂರು ಸ್ನಾನಗೃಹ, ಅಡುಗೆಮನೆ, ಹಜಾರಕ್ಕೆ ಟೈಲ್ಸ್ ಹಾಕಿ ಮುಗಿಸಿದ್ದ. ಬರಬೇಕಾದ 21,400 ಡಾಲರ್ ಬರಲಿಲ್ಲ. ಮನೆಯವರು ಮೂಲ ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟಾಗಿತ್ತು, ಅವನು ಫೋನ್ ಎತ್ತುವುದನ್ನು ಬಿಟ್ಟಾಗಿತ್ತು.

ನನ್ನ ವಿದ್ಯಾರ್ಥಿ ಮೊದಮೊದಲು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ. ಫ್ಲಾರಿಡಾದಲ್ಲಿ ಮನೆಯವರೊಂದಿಗೆ ನೇರ ಒಪ್ಪಂದವಿಲ್ಲದ ಉಪಗುತ್ತಿಗೆದಾರನು, ಕೆಲಸಕ್ಕೆ ಕೈಹಚ್ಚಿದ 45 ದಿನಗಳೊಳಗೆ ‘ನಾನೂ ನಿಮ್ಮ ಮನೆಯಲ್ಲಿ ದುಡಿಯುತ್ತಿದ್ದೇನೆ’ ಎಂಬ ನೋಟಿಸನ್ನು ಮನೆಯ ಮಾಲೀಕರಿಗೆ ಮುಟ್ಟಿಸಬೇಕು. ಅದನ್ನು ಮುಟ್ಟಿಸಿದ್ದ. ಕೊನೆಯ ದಿನದ ಕೆಲಸದಿಂದ 90 ದಿನಗಳೊಳಗೆ ಲಿಯನ್ ದಾಖಲಾಗಬೇಕು. ಕಾಗದಪತ್ರ ತುಂಬಿಕೊಡುವ ಒಂದು ಸಂಸ್ಥೆಗೆ ಶುಲ್ಕ ಕೊಟ್ಟು ಅದನ್ನೂ ಮಾಡಿಸಿದ್ದ. ಆಮೇಲೆ ಸುಮ್ಮನೆ ಕುಳಿತ. “ದಾಖಲಾಯಿತಲ್ಲ ಸರ್, ಇನ್ನು ಅವರೇ ಬರ್ತಾರೆ ಅಂದ್ಕೊಂಡೆ” ಎಂದ.

ಹೀಗೆ ಸುಮ್ಮನೆ ಕೂರುವುದರ ಬಗ್ಗೆಯೇ ನನ್ನ ತಕರಾರು. ನಮ್ಮ ಜನರಿಗೆ ಸರ್ಕಾರಿ ಮೊಹರಿನ ಮೇಲೆ ಅಪಾರ ನಂಬಿಕೆ. ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆದರೆ ಅರ್ಧ ಕೆಲಸ ಮುಗಿದಂತೆ ಎಂದುಕೊಳ್ಳುತ್ತೇವೆ. ಆದರೆ ಲಿಯನ್ ಎಂಬುದು ತೀರ್ಪಲ್ಲ. ಅದು ‘ನನಗಿಷ್ಟು ಬರಬೇಕು’ ಎಂದು ಒಬ್ಬನು ತಾನಾಗಿ ಬರೆದುಕೊಟ್ಟ ಹೇಳಿಕೆ. ದಾಖಲಿಸಿಕೊಳ್ಳುವ ಗುಮಾಸ್ತರು ಅದು ಸರಿಯೋ ತಪ್ಪೋ ಎಂದು ವಿಚಾರಣೆ ಮಾಡುವುದಿಲ್ಲ. ಅದಕ್ಕೆ ಬಲ ಬರುವುದು ನ್ಯಾಯಾಲಯದಲ್ಲಿ ದಾವೆ ಹೂಡಿದಾಗ, ಮತ್ತು ಆ ದಾವೆಗೊಂದು ಗಡುವಿದೆ. ಫ್ಲಾರಿಡಾದಲ್ಲಿ ಲಿಯನ್ ದಾಖಲಾದಂದಿನಿಂದ ಒಂದು ವರ್ಷ. ವರ್ಷವಿದೆಯಲ್ಲ ಎಂದು ನೆಮ್ಮದಿಯಿಂದಿದ್ದರೆ ಅಲ್ಲೊಂದು ಮುಳ್ಳಿದೆ. ಮನೆಯ ಮಾಲೀಕರು ‘ಈ ಲಿಯನ್ನನ್ನು ನಾನು ಒಪ್ಪುವುದಿಲ್ಲ’ ಎಂಬ ತಕರಾರು ನೋಟಿಸನ್ನು ದಾಖಲಿಸಿದರೆ, ಅದು ಲಿಯನ್‌ದಾರನಿಗೆ ಜಾರಿಯಾದ 60 ದಿನಗಳೊಳಗೆ ದಾವೆ ಬೀಳಬೇಕು. ಬೀಳದಿದ್ದರೆ ಲಿಯನ್ ತಾನಾಗಿಯೇ ಅಳಿದುಹೋಗುತ್ತದೆ. ಯಾರೂ ಬಂದು ಅಳಿಸಬೇಕಾಗಿಲ್ಲ.

ನನ್ನ ವಿದ್ಯಾರ್ಥಿಗೆ ಅಂಥ ನೋಟಿಸು ಮಾರ್ಚಿಯಲ್ಲಿ ಬಂದಿತ್ತು. ಹೆದರಿಸುವ ಪತ್ರವೆಂದು ತಿಳಿದು ವ್ಯಾನಿನ ಗಾಜಿನ ಹಿಂದೆ ಸಿಕ್ಕಿಸಿಟ್ಟುಕೊಂಡಿದ್ದ. ಏಪ್ರಿಲ್ ಕೊನೆಯಲ್ಲಿ ಮಗಳ ಮನೆಯ ಊಟದ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟಾಗ 60ರಲ್ಲಿ 43 ದಿನಗಳು ಕಳೆದಿದ್ದವು. ನನ್ನ ಅಳಿಯ ಅದನ್ನು ಎರಡು ಸಲ ಓದಿ ಕ್ಯಾಲೆಂಡರ್ ಇಳಿಸಿಕೊಂಡು ಬಂದರು.

ಆಗ ಹೊರಬಂದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. “ಆ ಮನೆಯವರು ಕೆಟ್ಟವರಲ್ಲ ಸರ್. ನಿಮ್ಮ ಹಾಗೇ ರಿಟೈರ್ ಆದೋರು. ಒಂದ್ಸಲ ಪೂರ್ತಿ ದುಡ್ಡು ಕೊಟ್ಟಿದ್ದಾರೆ. ಅವರ ಮೇಲೆ ಕೇಸ್ ಹಾಕೋಕೆ ಮನಸ್ಸು ಬರಲ್ಲ” ಎಂದ. ಕೋರ್ಟೆಂದರೆ ‘ಗೆದ್ದವ ಸೋತ, ಸೋತವ ಸತ್ತ’ ಎಂದು ಹೇಳಿಕೊಂಡೇ ಬೆಳೆದವರು ನಾವು. ಜೊತೆಗೆ ಇಂಥ ಸಂಕೋಚ ಬೇರೆ. ಇದನ್ನು ಒಳ್ಳೆಯತನವೆಂದು ಮೆಚ್ಚಿ ಬಿಟ್ಟುಬಿಡಬಹುದಿತ್ತು. ಆದರೆ ಅವನ ಇಬ್ಬರು ಕೆಲಸಗಾರರಿಗೆ ಎರಡು ವಾರದ ಕೂಲಿ ಬಾಕಿಯಿತ್ತು, ಟೈಲ್ಸ್ ಅಂಗಡಿಯ ಲೆಕ್ಕ ಅವನ ಕ್ರೆಡಿಟ್ ಕಾರ್ಡಿನ ಮೇಲೆ ಬಡ್ಡಿ ಎಳೆಯುತ್ತಿತ್ತು. ಅವನ ಒಳ್ಳೆಯತನದ ಖರ್ಚನ್ನು ಬೇರೆ ಇಬ್ಬರು ಭರಿಸುತ್ತಿದ್ದರು.

ಒಮ್ಮೆ ಕೊಟ್ಟವರು ಮತ್ತೆ ಕೊಡಬೇಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಫ್ಲಾರಿಡಾದ ಕಾನೂನು ಇದನ್ನು ಮುಚ್ಚಿಟ್ಟಿಲ್ಲ. ಮಾಲೀಕರು ಕೆಲಸದ ಆರಂಭದಲ್ಲಿ ದಾಖಲಿಸಬೇಕಾದ ಪ್ರಾರಂಭ ನೋಟಿಸಿನಲ್ಲಿಯೂ, ಉಪಗುತ್ತಿಗೆದಾರರು ಕಳಿಸುವ ನೋಟಿಸಿನಲ್ಲಿಯೂ ‘ಎಚ್ಚರ ತಪ್ಪಿದರೆ ಎರಡು ಸಲ ಹಣ ಕೊಡಬೇಕಾದೀತು’ ಎಂಬ ಎಚ್ಚರಿಕೆ ಇರುತ್ತದೆ. ಯಾರು ಯಾರು ನೋಟಿಸು ಕಳಿಸಿದ್ದಾರೋ ಅವರೆಲ್ಲರಿಂದ ‘ನಮಗೆ ಸಂದಿದೆ’ ಎಂಬ ಬಿಡುಗಡೆ ಪತ್ರ ತರಿಸಿಕೊಂಡು ಆಮೇಲೆ ಮೂಲ ಗುತ್ತಿಗೆದಾರನಿಗೆ ಹಣ ಕೊಟ್ಟಿದ್ದರೆ ಮನೆಯವರಿಗೆ ಭಯವಿರಲಿಲ್ಲ. ನನ್ನ ಓದುಗರಲ್ಲಿ ಗುತ್ತಿಗೆದಾರರಿಗಿಂತ ಮನೆ ಕಟ್ಟಿಸುವವರೇ ಹೆಚ್ಚು. ಅಲ್ಲಿರುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಅಂತೂ ವಕೀಲರನ್ನು ಹುಡುಕಬೇಕಾಯಿತು. ಫ್ಲಾರಿಡಾದ ಹೆದ್ದಾರಿಯಲ್ಲಿ ಅರ್ಧ ಗಂಟೆ ಕಾರಿನಲ್ಲಿ ಕುಳಿತರೆ ಇಪ್ಪತ್ತು ವಕೀಲರ ಮುಖಗಳು ನಮ್ಮ ಚುನಾವಣೆಯ ಕಟೌಟುಗಳಂತೆ ಮೇಲಿನಿಂದ ನಗುತ್ತವೆ. ಅವರಲ್ಲಿ ಬಹುಪಾಲು ಅಪಘಾತದ ಪರಿಹಾರದವರು. ನನ್ನ ವಿದ್ಯಾರ್ಥಿಗೆ ಗೊತ್ತಿದ್ದವರು ಅವನ ಹಸಿರು ಕಾರ್ಡು ಮಾಡಿಸಿಕೊಟ್ಟ ವಕೀಲರೊಬ್ಬರೇ. ಕಣ್ಣಿನ ಡಾಕ್ಟರರ ಬಳಿ ಹಲ್ಲು ಕೀಳಿಸುವುದಿಲ್ಲವಷ್ಟೆ? ಇನ್ನೊಂದು ಮಾತು, ಇದು ನಮ್ಮವರು ಗಮನಿಸಬೇಕಾದದ್ದು. ನಮ್ಮ ದೇಶದಲ್ಲಿ ನೋಟರಿಯೆಂದರೆ ಸಾಮಾನ್ಯವಾಗಿ ವರ್ಷಗಟ್ಟಲೆ ವೃತ್ತಿ ಮಾಡಿದ ವಕೀಲರು. ಅಮೆರಿಕದಲ್ಲಿ ಹಾಗಲ್ಲ, ಸಹಿಗೆ ಸಾಕ್ಷಿಯಾಗಲು ಅಧಿಕಾರ ಪಡೆದ ಬ್ಯಾಂಕಿನ ಗುಮಾಸ್ತೆಯೂ ನೋಟರಿಯೇ. ಅವರಿಂದ ಕಾನೂನು ಸಲಹೆ ಕೇಳುವಂತಿಲ್ಲ, ಅವರು ಹೇಳುವಂತೆಯೂ ಇಲ್ಲ. ಲಿಯನ್ ಅರ್ಜಿ ತುಂಬಿಕೊಡುವ ಸಂಸ್ಥೆಗಳದೂ ಅದೇ ಕಥೆ. ಅವು ದಾಖಲಿಸಿಕೊಟ್ಟಾವು, ನಿಮ್ಮ ಪರವಾಗಿ ನ್ಯಾಯಾಧೀಶರ ಮುಂದೆ ನಿಲ್ಲಲಾರವು.

“ನಾನೇ ಹೋಗಿ ದಾವೆ ಹಾಕಿದರೆ?” ಎಂದೂ ಕೇಳಿದ. ಅವನದು ನೋಂದಾಯಿತ ಕಂಪನಿ. ಸಣ್ಣ ಮೊತ್ತದ ದಾವೆಗಳನ್ನು ಬಿಟ್ಟರೆ ಅಲ್ಲಿ ಕಂಪನಿಯು ವಕೀಲರ ಮೂಲಕವೇ ನ್ಯಾಯಾಲಯಕ್ಕೆ ಬರಬೇಕು, ಕಂಪನಿಯ ಯಜಮಾನನೇ ಆದರೂ ತಾನೇ ವಾದಿಸುವಂತಿಲ್ಲ. ಉಚಿತ ಕಾನೂನು ನೆರವಿನ ಸಂಸ್ಥೆಗಳಿವೆ, ಆದರೆ ಅವು ಮುಖ್ಯವಾಗಿ ಬಾಡಿಗೆ ಮನೆ, ಕುಟುಂಬ ಮುಂತಾದ ವಿಷಯಗಳಲ್ಲಿ ಬಡವರಿಗಾಗಿ ಇರುವಂಥವು. ವ್ಯಾಪಾರದ ಬಾಕಿಗೆ ಅಲ್ಲಿ ಜಾಗ ಸಿಗುವುದು ಅಪರೂಪ.

ಉಳಿದ ದಾರಿಯನ್ನು ಅಳಿಯ ಮತ್ತು ಅವನು ಸೇರಿ ಎರಡು ಸಂಜೆಗಳಲ್ಲಿ ಹಿಡಿದರು. ಫ್ಲಾರಿಡಾದ ವಕೀಲರ ಪರಿಷತ್ತು ಬೇರೆ ಬೇರೆ ಶಾಖೆಗಳಲ್ಲಿ ಪರಿಣತರೆಂದು ಪರೀಕ್ಷಿಸಿ ಪ್ರಮಾಣೀಕರಿಸಿದ ವಕೀಲರ ಪಟ್ಟಿಯನ್ನು ಇಡುತ್ತದೆ. ಕಟ್ಟಡ ನಿರ್ಮಾಣ ಕಾನೂನಿಗೇ ಅಲ್ಲೊಂದು ಪ್ರತ್ಯೇಕ ವಿಭಾಗವಿದೆ. ಆ ವಕೀಲರ ಮೇಲೆ ಶಿಸ್ತುಕ್ರಮವೇನಾದರೂ ಆಗಿದ್ದರೆ ಅದನ್ನೂ ಅಲ್ಲಿಯೇ ನೋಡಬಹುದು. ಅದೇ ಪರಿಷತ್ತಿನ ಶಿಫಾರಸು ಸೇವೆಯೂ ಉಂಟು, ಮೊದಲ ಭೇಟಿ ಸಣ್ಣ ಶುಲ್ಕಕ್ಕೆ ಸಿಗುತ್ತದೆ. ಇವನು ಫೋನ್ ಮಾಡಿದ ಮೊದಲನೆಯವರು ಆ ಮೂಲ ಗುತ್ತಿಗೆದಾರನ ಬೇರೊಂದು ಮೊಕದ್ದಮೆಯನ್ನು ನಡೆಸುತ್ತಿದ್ದರು, ಆದ್ದರಿಂದ ಒಲ್ಲೆನೆಂದರು. ಎರಡನೆಯವರಿಗೆ ಮೊತ್ತ ಚಿಕ್ಕದಾಯಿತು. ಮೂರನೆಯವರು, ಒಬ್ಬ ಹೆಂಗಸು, ಒಪ್ಪಿದರು. ಕೊನೆಯ ವಾರಕ್ಕೆಂದು ಇಟ್ಟುಕೊಂಡಿದ್ದರೆ ಈ ಮೂವರನ್ನು ದಾಟುವ ಹೊತ್ತಿಗೇ ಗಡುವು ಮುಗಿದಿರುತ್ತಿತ್ತು.

ಆಕೆ ಕೇಳಿದ ಮೊದಲ ಪ್ರಶ್ನೆ ಹಣದ್ದಲ್ಲ, ದಿನಾಂಕದ್ದು. ಕೊನೆಯ ಬಾರಿ ನಿಜವಾದ ಕೆಲಸ ಮಾಡಿದ ದಿನ ಯಾವುದು? ಆಮೇಲೆ ಬಿರುಕು ಮುಚ್ಚಲು, ಸಡಿಲವಾದ ಟೈಲನ್ನು ಸರಿಪಡಿಸಲು ಹೋದ ದಿನ ಲೆಕ್ಕಕ್ಕಿಲ್ಲ, ತಾನು ಮಾಡಿದ ಕೆಲಸದ ದೋಷ ತಿದ್ದುವುದರಿಂದ 90 ದಿನಗಳ ಎಣಿಕೆ ಮುಂದಕ್ಕೆ ಹೋಗುವುದಿಲ್ಲ. ಎರಡನೆಯ ಪ್ರಶ್ನೆ, ಲಿಯನ್ನಿನಲ್ಲಿ ಬರೆದ ಮೊತ್ತದಲ್ಲಿ ಬೇರೇನಾದರೂ ಸೇರಿಸಿದ್ದೀರಾ ಎಂದು. ಸಿಟ್ಟಿನಲ್ಲಿ ಓಡಾಟದ ಖರ್ಚು, ಮನಸ್ಸಿನ ನೋವು ಎಂದೆಲ್ಲ ಕೂಡಿಸುವವರಿದ್ದಾರಂತೆ. ಉದ್ದೇಶಪೂರ್ವಕವಾಗಿ ಉಬ್ಬಿಸಿದ ಲಿಯನ್ನನ್ನು ಅಲ್ಲಿಯ ಕಾನೂನು ವಂಚನೆಯೆಂದು ಎಣಿಸುತ್ತದೆ. ಇಡೀ ಲಿಯನ್ ಬಿದ್ದುಹೋಗುವುದಷ್ಟೇ ಅಲ್ಲ, ಅದು ಅಪರಾಧವೂ ಹೌದು. ಪುಣ್ಯಕ್ಕೆ ಇವನ ಲೆಕ್ಕ ಚೊಕ್ಕವಾಗಿತ್ತು. ನಾಲ್ಕನೆಯ ತರಗತಿಯಿಂದಲೂ ಅವನ ಲೆಕ್ಕದ ಪುಸ್ತಕ ಚೊಕ್ಕವೇ.

ವಕೀಲರ ಶುಲ್ಕದ ಮಾತನ್ನೂ ಆಕೆ ಮುಚ್ಚಿಡಲಿಲ್ಲ. ಲಿಯನ್ ದಾವೆಯಲ್ಲಿ ಗೆದ್ದವರ ವಕೀಲರ ಶುಲ್ಕವನ್ನು ಸೋತವರು ಕೊಡಬೇಕೆಂದು ಫ್ಲಾರಿಡಾದ ನಿಯಮ. ಇದು ಎರಡು ಅಲಗಿನ ಕತ್ತಿ. ನ್ಯಾಯ ಗಟ್ಟಿಯಿದ್ದವನಿಗೆ ಬಲ, ಸುಳ್ಳು ಲೆಕ್ಕದವನಿಗೆ ಹೊರೆ. ಗಂಟೆಯ ಲೆಕ್ಕವೋ ಒಟ್ಟು ಮೊತ್ತವೋ, ಕಚೇರಿಯ ಕಿರಿಯರು ಮಾಡಿದ ಕೆಲಸಕ್ಕೆ ಎಷ್ಟು, ಇವೆಲ್ಲವನ್ನೂ ಬರಹದಲ್ಲಿ ಪಡೆಯಬೇಕೆಂದು ನಾನೂ ಹೇಳಿದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಆಕೆ ಮೂಲ ಗುತ್ತಿಗೆದಾರನ ಬಗ್ಗೆ ಹೇಳಿದ್ದು. ದಾವೆ ಹೂಡಿದರೆ ಮನೆಯ ಮೇಲಿನ ಹಕ್ಕಿನ ಜೊತೆಗೆ, ಒಪ್ಪಂದ ಮುರಿದ ಆ ಮನುಷ್ಯನನ್ನೂ ಪ್ರತಿವಾದಿಯಾಗಿ ಎಳೆದು ತರಬಹುದು, ಮನೆಯವರೂ ಅವನ ಮೇಲೆ ತಮ್ಮ ನಷ್ಟವನ್ನು ಹೊರಿಸಬಹುದು. ದಾವೆ ಹೂಡದೆ ಬಿಟ್ಟರೆ? ನನ್ನ ವಿದ್ಯಾರ್ಥಿಗೆ ನಷ್ಟ, ಮನೆಯವರಿಗೆ ತಿಂಗಳುಗಟ್ಟಲೆ ಆತಂಕ, ಹಣ ನುಂಗಿದವನು ಮಾತ್ರ ಆರಾಮ. ಕೇಸು ಹಾಕಲು ಮನಸ್ಸು ಬರುವುದಿಲ್ಲ ಎಂದವನಿಗೆ ಈ ಮಾತು ನಾಟಿತು, ನನಗೂ ನಾಟಿತು. ಒಳ್ಳೆಯ ವಕೀಲರು ಜಗಳ ಹೆಚ್ಚಿಸುವವರೆಂದೇ ನಮ್ಮಲ್ಲಿ ಅನೇಕರ ಎಣಿಕೆ. ನಷ್ಟ ಯಾರ ತಲೆಯ ಮೇಲಿರಬೇಕೋ ಅಲ್ಲಿಗೇ ಅದನ್ನು ಸಾಗಿಸುವ ದಾರಿಯನ್ನು ಬಲ್ಲವರು ಅವರೇ.

ದಾವೆ 55ನೆಯ ದಿನ ದಾಖಲಾಯಿತು. ಮುಂದೆ ಸಂಧಾನಕಾರರ ಮುಂದೆ ಮೂವರೂ ಕುಳಿತು 16,000 ಡಾಲರಿಗೆ ಒಪ್ಪಿದರು, ಅದರಲ್ಲಿ ಹೆಚ್ಚಿನ ಪಾಲನ್ನು ಮೂಲ ಗುತ್ತಿಗೆದಾರನೇ ಕೊಟ್ಟ. ವಕೀಲರ ಶುಲ್ಕ ಕಳೆದು ಇವನಿಗೆ ಉಳಿದದ್ದು ದೊಡ್ಡ ಮೊತ್ತವೇನಲ್ಲ, ಕೆಲಸಗಾರರ ಕೂಲಿ ಮತ್ತು ಅಂಗಡಿಯ ಬಾಕಿ ತೀರಿತು.

ಬೇರೆ ಕಡೆ ಇರುವವರು ಫ್ಲಾರಿಡಾದ ಈ ಲೆಕ್ಕವನ್ನು ನಂಬಿ ಕೂರಬಾರದು. ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಈ ಹಕ್ಕಿಗೆ ಜಾಗವಿದೆ, ಆದರೂ ಅಲ್ಲಿ ಲಿಯನ್ ದಾಖಲಿಸಿದ 90 ದಿನಗಳಲ್ಲಿ ದಾವೆ ಬೀಳದಿದ್ದರೆ ಅದು ಜಾರಿಗೆ ಬರುವುದಿಲ್ಲ. ಪರವಾನಗಿ ಬೇಕಾದ ಕೆಲಸವನ್ನು ಪರವಾನಗಿಯಿಲ್ಲದೆ ಮಾಡಿದವನಿಗೆ ಅಲ್ಲಿ ಹಣ ಸಿಗದಿರುವುದಷ್ಟೇ ಅಲ್ಲ, ಪಡೆದ ಹಣವನ್ನೂ ಹಿಂದಿರುಗಿಸಬೇಕಾದೀತು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಲಿಯನ್ ಉಳಿಸಿಕೊಳ್ಳಲು 60 ದಿನ, ಆ ಅವಧಿ ಮುಗಿದ ಮೇಲೆ ದಾವೆಯ ಮೂಲಕ ಅದನ್ನು ಊರ್ಜಿತಗೊಳಿಸಲು ಮತ್ತೆ 90 ದಿನ. ಪಕ್ಕದ ರಾಜ್ಯದ ಗೆಳೆಯ ಹೇಳಿದ ದಿನಗಣನೆ ನಿಮಗೆ ಹೊಂದುವುದಿಲ್ಲ.

ನಮ್ಮ ದೇಶದ ಮಾತೇನು? ಮೊದಲು ಹೇಳಿದ ದರ್ಜಿಯ ಹಕ್ಕು 1872ರ ಕರಾರು ಕಾಯಿದೆಯ 170ನೆಯ ಕಲಮಿನಲ್ಲಿದೆ. ತನ್ನ ಕೈಗೆ ಒಪ್ಪಿಸಿದ ವಸ್ತುವಿನ ಮೇಲೆ ದುಡಿಮೆ, ಕುಶಲತೆ ಖರ್ಚು ಮಾಡಿದವನು ಕೂಲಿ ಸಲ್ಲುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಅಕ್ಕಸಾಲಿಗ ಬಳೆಯನ್ನು ಹಿಡಿದಿಟ್ಟಾನು, ಗಾರೆ ಮೇಸ್ತ್ರಿ ಮನೆಯನ್ನು ಹಿಡಿದಿಡುವುದೆಲ್ಲಿ? (ವಕೀಲರಿಗೂ ನಮ್ಮಲ್ಲಿ ಈ ಹಕ್ಕಿಲ್ಲ. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರರ ಕಡತವನ್ನು ತಡೆಹಿಡಿಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಹೇಳಿದೆ. ವಕೀಲರನ್ನು ಬದಲಿಸಲು ಹೆದರುವವರು ಇದನ್ನು ತಿಳಿದಿರಿ.) ಮನೆ ಕಟ್ಟಿದವನಿಗೆ ಅಮೆರಿಕದ ಮಾದರಿಯ ಲಿಯನ್ ಇಲ್ಲಿಲ್ಲ. ಹಣ ಕೊಡುವ ದಿನ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬಹುದು, ಅಷ್ಟೇ. ಗಡುವು ಉದ್ದ, ಹಿಡಿತ ಸೊನ್ನೆ. ಗಡುವು ಗಿಡ್ಡವಾದರೂ ಹಿಡಿತವಿರುವ ಅವರ ಪದ್ಧತಿಯೇ ಕೂಲಿಯವನಿಗೆ ಮೇಲು ಎಂಬುದು ನನ್ನ ಅಭಿಪ್ರಾಯ. ನಮ್ಮ ಶಾಸಕರು ಎಂದಾದರೂ ಇದನ್ನು ಯೋಚಿಸಲಿ.

ಆದರೆ ಒಂದು ವಿಷಯದಲ್ಲಿ ನಾವು ಅವರಿಗಿಂತ ಮುಂದಿದ್ದೇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಆದಾಯ ನೋಡದೆಯೂ, ಇತರರಿಗೆ ಆದಾಯದ ಮಿತಿಯೊಳಗೂ ವಕೀಲರ ಉಚಿತ ನೆರವು ಸಿಗುತ್ತದೆ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನಲ್ಲಿ ಪ್ರಕರಣ ಇಡಬಹುದು, ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ. 15100 ಎಂಬ ಸಂಖ್ಯೆಗೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

ಊರಿಗೆ ಬಂದ ಮೇಲೆ ಈ ಕಥೆಯನ್ನು ನಮ್ಮ ಹಿತ್ತಲಿನ ಗೋಡೆ ಕಟ್ಟಿದ ಮೇಸ್ತ್ರಿಗೆ ಹೇಳಿದೆ. ಅವನ ಹೆಂಡತಿಯೂ ಅವನೊಂದಿಗೆ ದುಡಿಯುವವಳು. ಪಕ್ಕದೂರಿನ ಒಂದು ಮನೆಯಿಂದ ಇಬ್ಬರಿಗೂ ಬರಬೇಕಾದ 68,000 ರೂಪಾಯಿ ಎರಡು ವರ್ಷದಿಂದ ನಿಂತಿತ್ತು. “ಮನೆ ಮೇಲೇ ಹಕ್ಕು ಬರೆಸ್ತಾರಾ ಮೇಷ್ಟ್ರೇ? ನಮ್ಗೆ ಯಾಕಿಲ್ಲ?” ಎಂದ. ಅವನಿಗಿಂತ ಮೊದಲು ಅವಳೇ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಬರೆಸಿಕೊಂಡು ಹೋದಳು. ಅಳತೆಯ ಚೀಟಿ, ಮಾಲೀಕರು ಫೋನಿನಲ್ಲಿ ‘ಹಬ್ಬ ಕಳೀಲಿ, ಕೊಡ್ತೇವೆ’ ಎಂದು ಕಳಿಸಿದ ಸಂದೇಶ, ಎರಡನ್ನೂ ಜೊತೆಗೊಯ್ದಿದ್ದಳು. ಮುಂದಿನ ಲೋಕ ಅದಾಲತ್ತಿಗೆ ಎರಡೂ ಕಡೆಯವರಿಗೆ ನೋಟಿಸು ಹೋಗಿದೆ.